ತಲೆಯಿಲ್ಲದೆ ಬಂದ ಮೀನು

ಶಿವಾಜಿನಗರ, ಬೆಂಗಳೂರು
೯ ನವೆಂಬರ್ ೨೦೨೪

ಪ್ರೀತಿಯ ಅಂಬ್ರೀನ್ ಬೇಟಾ,

ನಿನ್ನ ಅಬ್ಬಾನ ಸಲಾಂ. ಕಾರವಾರದ ಗಾಳಿ ನಿನಗೆ ಒಗ್ಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಂಬಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುವ ಅಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಫೋನ್ ಮಾಡಿದರೆ ನಿನ್ನ ಅಮ್ಮಿ ಪಕ್ಕದಲ್ಲೇ ಕೂತು ಸ್ಪೀಕರ್ ಒತ್ತುತ್ತಾಳೆ. ಅವಳೆದುರು ಹೇಳಲಾಗದ ಮಾತು ಇದು. ನನ್ನ ಉರ್ದು ನಿನಗೆ ಓದಲು ಬಾರದು, ನಿನ್ನ ಇಂಗ್ಲಿಷ್ ನನಗೆ ಬಾರದು. ಅಪ್ಪ ಮಗಳು ಇಬ್ಬರೂ ಕನ್ನಡ ಶಾಲೆಗೆ ಹೋದದ್ದು ಇವತ್ತು ಉಪಯೋಗಕ್ಕೆ ಬಂತು. ಮೂರು ವಾರದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ತಡವಾಯಿತು, ಮಾಫ್ ಮಾಡು.

ಅಮ್ಮಿಯ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತಬೇಡಿ ಎಂದ ಡಾಕ್ಟರನ್ನೇ, "ನಮ್ಮನೆ ಎರಡನೇ ಮಹಡೀಲಿದೆ, ಹಾರ್ಕೊಂಡ್ ಹೋಗ್ಲಾ?" ಎಂದು ಕೇಳಿದಳು. ಚಿಕ್ಕಮುನಿಯಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹಲಸೂರಿನ ಮನೆಯಲ್ಲಿದ್ದಾನೆ. ಮೂವತ್ತು ವರ್ಷ ನಮ್ಮ ಅಂಗಡಿಯಲ್ಲಿ ಮೀನು ಕತ್ತರಿಸಿದವನು, ಸುಮ್ಮನೆ ಕೂರಲು ಅವನಿಂದಾಗದು. ಅವನಿಲ್ಲದೆ ನಾನೇ ಕತ್ತಿ ಹಿಡಿದು ಎರಡು ಬೆರಳು ಕೊಯ್ದುಕೊಂಡೆ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ.

ಈಗ ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ನೀನು ನಿನ್ನ ಸಂಶೋಧನೆಯ ಫಾರಂ ಹಿಡಿದು ನಮ್ಮ ಮಾರ್ಕೆಟ್ಟಿನ ಅಂಗಡಿ ಅಂಗಡಿ ಸುತ್ತಿದೆ. ಗರಗಸ ಮೀನಿನ ಚಿತ್ರ ತೋರಿಸಿ, ಕೊನೆಯ ಸಲ ಯಾವಾಗ ನೋಡಿದ್ದು, ಎಷ್ಟುದ್ದ ಇತ್ತು, ಹೊಟ್ಟೆಯಲ್ಲಿ ಮರಿ ಇದ್ದವೇ, ಎಷ್ಟು ಎಂದು ಎಲ್ಲರನ್ನೂ ಕೇಳಿದೆ. ನನ್ನ ಮುಂದೆಯೂ ಸ್ಟೂಲ್ ಎಳೆದುಕೊಂಡು ಕೂತು, "ಈಗ ನೀವು ಅಬ್ಬಾ ಅಲ್ಲ, ಮಾಹಿತಿದಾರ ಹದಿನಾಲ್ಕು" ಎಂದು ನಕ್ಕೆ. ನಾನೂ ನಕ್ಕೆ. ಆಮೇಲೆ, "ನಾನು ಈ ಮೀನು ನೋಡೇ ಇಲ್ಲ" ಎಂದೆ.

ಕಳೆದ ತಿಂಗಳು ಮನೆಗೆ ಬಂದಾಗ ನಿನ್ನ ಪ್ರಬಂಧದಲ್ಲಿ ಇದೇ ವಿಚಾರದ ಅಧ್ಯಾಯವನ್ನು ನಮಗೆ ಬಿಡಿಸಿ ಹೇಳಿದೆ. ನಮ್ಮ ಕಡಲಲ್ಲಿ ಯಾವ ಮೀನು ಉಳಿದಿದೆ, ಯಾವುದು ಹೋಯಿತು ಎಂದೆಲ್ಲ. ಅದರಲ್ಲಿ ಒಂದು ಸಾಲು: ನಲವತ್ತು ವರ್ಷದಿಂದ ಈ ಮಾರುಕಟ್ಟೆಯಲ್ಲಿ ಗರಗಸ ಮೀನನ್ನು ಯಾರೂ ಕಂಡಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಟೀ ಲೋಟ ಎತ್ತಿಕೊಂಡು ಅಡುಗೆಮನೆಗೆ ಎದ್ದುಹೋದೆ. ನೀನು ಗಮನಿಸಲಿಲ್ಲ.

ಬೇಟಾ, ಆ ಸಾಲು ಸುಳ್ಳು. ಇಪ್ಪತ್ತನೇ ತಾರೀಕು ನೀನು ಪ್ರಬಂಧ ಒಪ್ಪಿಸುವ ಮೊದಲು ಇದನ್ನು ಹೇಳಲೇಬೇಕು. ಉಳಿದ ವ್ಯಾಪಾರಿಗಳು ಸುಳ್ಳು ಹೇಳಿದವರಲ್ಲ, ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಗರಗಸ ಬಲೆ ಹರಿಯುತ್ತದೆ ಎಂದು ಅದರ ಮೂತಿಯನ್ನು ದೋಣಿಯಲ್ಲೇ ಕಡಿಯುತ್ತಾರೆ. ತಲೆ, ರೆಕ್ಕೆ ಬಂದರಿನಲ್ಲೇ ಮಾರಿಹೋಗುತ್ತವೆ. ಐಸಿನಲ್ಲಿ ಇಲ್ಲಿಗೆ ಇಳಿಯುವುದು ಮುಂಡ ಮಾತ್ರ. ಅಂಥ ಮುಂಡಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು, ಸುರಾ. ಶಾರ್ಕ್ ಆದರೂ ಸುರಾ, ಗರಗಸದ್ದಾದರೂ ಸುರಾ. ನೀನು ಗರಗಸವಿದ್ದ ಚಿತ್ರ ತೋರಿಸಿದೆ, ಅವರು ಪ್ರಾಮಾಣಿಕವಾಗಿ "ಇಲ್ಲಮ್ಮ" ಎಂದರು. ಗೊತ್ತಿದ್ದೂ ಇಲ್ಲ ಎಂದವನು ನಾನೊಬ್ಬ.

೨೦೦೮ರ ಡಿಸೆಂಬರ್. ನೀನು ಐದನೇ ಕ್ಲಾಸಿನಲ್ಲಿದ್ದೆ. ಬೆಳಗಿನ ಲಾರಿಯಿಂದ ನಾಲ್ಕು ಜನ ಸೇರಿ ಒಂದು ದೊಡ್ಡ ಸುರಾ ಇಳಿಸಿದರು. ಚಿಕ್ಕಮುನಿಯಪ್ಪ ಹೊಟ್ಟೆ ಸೀಳಿದವನು ಕತ್ತಿ ಕೆಳಗಿಟ್ಟ.

"ಭಾಯ್, ಇತ್ಲಾಗೆ ಬನ್ರೀ. ಇದು ಸುರಾ ಅಲ್ಲ. ಮರಿ ಮೂತಿ ನೋಡ್ರೀ ಹೆಂಗೈತೆ."

ಏಳು ಮರಿ. ಮೊಳದುದ್ದ ಒಂದೊಂದು. ಪ್ರತಿಯೊಂದಕ್ಕೂ ಪುಟ್ಟ ಗರಗಸ, ಅದರ ಹಲ್ಲುಗಳ ಮೇಲೆ ಹಾಲಿನ ಕೆನೆಯಂಥ ಮೆತ್ತನೆ ಪೊರೆ. ಚಿಕ್ಕಮುನಿಯಪ್ಪ ಬೆರಳಿನಿಂದ ಮುಟ್ಟಿ ನೋಡಿ, "ತಾಯಿ ಹೊಟ್ಟೆ ಹರೀಬಾರ್ದು ಅಂತ ದ್ಯಾವ್ರೇ ಮುಚ್ಚವ್ನೆ ಭಾಯ್" ಎಂದ. ಆ ಮೀನನ್ನು ಹಿಡಿಯಬಾರದು, ಮಾರಬಾರದು ಎಂದು ಅರಣ್ಯ ಇಲಾಖೆಯವರು ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಇಬ್ಬರೂ ಓದಿದ್ದೆವು. ನಾನು ಅತ್ತಿತ್ತ ನೋಡಿದೆ. "ಬಾಯ್ ಮುಚ್ಕೊಂಡು ಕತ್ರಿಸಪ್ಪಾ" ಎಂದೆ. ಮಧ್ಯಾಹ್ನದೊಳಗೆ ಆ ತಾಯಿ ತುಂಡು ತುಂಡಾಗಿ ಖಾಲಿ. ಸುರಾ ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂದು ಕೇಳಿಕೊಂಡು ಬರುತ್ತಾರಲ್ಲ, ಅಂಥ ಮನೆಗಳಿಗೇ ಹೆಚ್ಚು ಹೋಯಿತು. ಆರು ಮರಿಗಳನ್ನು ನನ್ನ ಕೈಯಾರೆ ಕಸದ ಬುಟ್ಟಿಗೆ ಹಾಕಿದೆ. ಹದ್ದುಗಳು ಆಗಲೇ ಸುತ್ತುತ್ತಿದ್ದವು.

ಏಳನೆಯದರ ಗರಗಸಕ್ಕೆ ಉಪ್ಪು ಸವರಿ ಒಣಗಿಸಿದೆ. ಯಾಕೆ ಎಂದು ಕೇಳಬೇಡ, ಗೊತ್ತಿಲ್ಲ. ಹಳೆಯ ತಕ್ಕಡಿ ಕಲ್ಲುಗಳ ಡಬ್ಬದಲ್ಲಿ ಹದಿನಾರು ವರ್ಷದಿಂದ ಇದೆ, ಪೊರೆ ಒಣಗಿ ಕಾಗದದಂತಾಗಿದೆ. ಚೂರು ಚರ್ಮ ಸಿಕ್ಕರೂ ಜಾತಿ ಪತ್ತೆ ಮಾಡಬಹುದು ಎಂದು ನೀನೇ ಹೇಳಿದ್ದೆ. ನಿನ್ನ ಗೈಡ್ ಮೇಡಂಗೆ ತಿಳಿಸು, ಇಲಾಖೆಯವರಿಗೂ ತಿಳಿಸಿ ಬಂದು ತೆಗೆದುಕೊಂಡು ಹೋಗು. ಕೇಸಾದರೆ ಆಗಲಿ. ನನ್ನ ಹೆಸರು ಬರೆಯಬೇಕಾದರೆ ಬರೆ. ಆದರೆ ಮುಂದಿನ ಸಲ ಮಾರ್ಕೆಟ್ಟಿನಲ್ಲಿ ಚಿತ್ರ ತೋರಿಸಬೇಡ. ಸುರಾ ಹೊಟ್ಟೆಯಲ್ಲಿ ಏನು ಸಿಕ್ಕಿತ್ತು ಎಂದು ಕೇಳು, ಇನ್ನೂ ಯಾರಾದರೂ ಬಾಯಿ ಬಿಟ್ಟಾರು.

ನಿನ್ನ ವಿದ್ಯೆ ಬೆಳೆಯಲಿ, ಕಡಲಿಗೆ ಹೋದಾಗಲೆಲ್ಲ ಕ್ಷೇಮವಾಗಿ ದಡ ಸೇರು. ಕಂಡದ್ದನ್ನು ಕಂಡೆ ಎನ್ನುವ ಧೈರ್ಯವನ್ನು ಅಲ್ಲಾಹ್ ನಿನಗೆ ಕೊಡಲಿ, ನಿನ್ನ ಅಪ್ಪನಲ್ಲಿ ಅದು ಇರಲಿಲ್ಲ.

ನಿನ್ನ ಅಬ್ಬಾ,
ಕಲೀಮುಲ್ಲಾ
(ಮಾಹಿತಿದಾರ ೧೪)

ವಿ.ಸೂ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಕಾನೂನಿಗೆ ಹೆದರಿದ್ದು ನಿಜ, ಆದರೆ ಅದು ಅರ್ಧ. ಆಗ ನಿನ್ನ ಅಮ್ಮಿಗೆ ಏಳು ತಿಂಗಳು. ನಾನು ಆ ಮರಿಗಳನ್ನು ಬುಟ್ಟಿಗೆ ಹಾಕಿದ ನಾಲ್ಕನೇ ದಿನ ನಿನ್ನ ತಮ್ಮ ಹುಟ್ಟಿದ. ಅಳಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಖಬರಸ್ತಾನಕ್ಕೆ ನಾನೇ ಎತ್ತಿಕೊಂಡು ಹೋದೆ. ನೀರಿನ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತಿದ್ದಕ್ಕೇ ಹಾಗಾಯಿತು, ತಪ್ಪು ತನ್ನದೇ ಎಂದು ಅಮ್ಮಿ ಇವತ್ತಿಗೂ ಅಳುತ್ತಾಳೆ. ಅಲ್ಲ, ನನ್ನದು ಎಂದು ಹದಿನಾರು ವರ್ಷದಲ್ಲಿ ಒಂದು ದಿನವೂ ನನಗೆ ಹೇಳಲಾಗಲಿಲ್ಲ. ಆ ಮೀನಿಗೂ ಮಗುವಿಗೂ ಸಂಬಂಧವಿಲ್ಲ ಅಬ್ಬಾ ಎಂದು ನೀನು ಹೇಳುತ್ತೀಯ, ವಿಜ್ಞಾನ ಓದಿದವಳು. ಹೇಳು ಬೇಟಾ. ಬಂದು ನಮ್ಮಿಬ್ಬರ ಎದುರಿಗೆ ಕೂತು ಹೇಳು. ನಿನ್ನ ಫಾರಂನಲ್ಲಿ ಮರಿಗಳ ಸಂಖ್ಯೆಗೆ ಜಾಗ ಇದೆಯಲ್ಲ, ಅಲ್ಲಿ ಏಳು ಎಂದು ಬರೆ. ನಾನು ಎಣಿಸಿದಾಗಲೆಲ್ಲ ಎಂಟಾಗುತ್ತದೆ.