ಕಂಸದೊಳಗಿನ ಚಪ್ಪಾಳೆ

ಸ್ಯಾಟಲೈಟ್, ಅಹಮದಾಬಾದ್
೧೬ ಜನವರಿ ೨೦೨೫, ಗುರುವಾರ

ಪ್ರೀತಿಯ ತಂಗಿ ಮಂದಾ,

ಹೇಗಿದ್ದೀ? ಚಳಿ ಬಿದ್ದ ಕೂಡಲೇ ನಿನಗೆ ಕೆಮ್ಮು ಹತ್ತುತ್ತಿತ್ತು, ಈಗಲೂ ಹಾಗೆಯೇ? ಸೂರತ್ತಿನ ಹೊರಗೆ ಸಚಿನ್ ಊರಿನ ಆ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀ ತಾನೆ? ನಿತೇಶಭಾಯಿ ಆರಾಮವೇ? ಚಿನ್ಮಯಿಗೆ ಏಳು ತುಂಬಿತಂತೆ, ಮುಂದಿನ ಎರಡು ಹಲ್ಲು ಬಿದ್ದಿವೆಯಂತೆ, ಗುಜರಾತಿಯಲ್ಲಿ ಜಗಳವಾಡಿದರೆ ಯಾರಿಗೂ ಸೋಲುವುದಿಲ್ಲವಂತೆ. ಈ ಅಂತೆಗಳನ್ನೆಲ್ಲ ರಶ್ಮಿ ನಿನ್ನೊಡನೆ ಫೋನಿನಲ್ಲಿ ಮಾತಾಡುವಾಗ ಬಾಲ್ಕನಿಯ ಬಾಗಿಲಿಗೆ ಕಿವಿಯಿಟ್ಟು ಕೂಡಿಸಿಕೊಂಡಿದ್ದೇನೆ. ನೇರವಾಗಿ ಕೇಳಿದರೆ ನನ್ನ ಹೆಂಡತಿ, "ಆಕಿ ನಿಮ್ಮ ತಂಗಿ. ಕೇಳೂದಿದ್ರ ನೀವ ಕೇಳ್ರಿ" ಎನ್ನುತ್ತಾಳೆ. ವಾಟ್ಸಾಪಿನಲ್ಲಿ ನಿನ್ನ ಮುಖ ಇರಬೇಕಾದ ಕಡೆ ಬೂದು ಬಣ್ಣದ ಒಂದು ಬೋಳು ತಲೆ ವರ್ಷಗಳಿಂದ ಕೂತಿದೆ. ಅದರ ಹತ್ತಿರ ಏನು ಕೇಳಿದರೂ ಉತ್ತರವಿಲ್ಲ. ಹಾಗಾಗಿ ಈ ಕಾಗದ. ವಿಳಾಸ ಕೇಳಿದಾಗ ರಶ್ಮಿ ಒಂದು ಚೀಟಿ ಕೊಟ್ಟಳು. ಪಿನ್‌ಕೋಡಿನ ಸಮೇತ ಬರೆದದ್ದು, ಮಡಿಕೆ ಹಳದಿಗಟ್ಟಿತ್ತು. ಎಷ್ಟು ವರ್ಷದಿಂದ ನಾನು ಕೇಳಲಿ ಎಂದು ಕಾದಿಟ್ಟಿದ್ದಳೋ.

ಲಕೋಟೆಯಲ್ಲಿ ಒಂದು ಚಿಟಿಕೆ ಕುಸುರೆಳ್ಳಿದೆ, ಅಂಚೆಯವರು ಅದರ ಮೇಲೆ ಮುದ್ರೆ ಗುದ್ದದಿದ್ದರೆ ಇಡಿಯಾಗಿಯೇ ತಲುಪುತ್ತದೆ. ಅವ್ವನೇ ಮಾಡಿದ್ದು. ಸಕ್ಕರೆ ಪಾಕಕ್ಕೆ ಈಗ ಅವಳ ಕೈ ನಡುಗುತ್ತದೆ, ಆದ್ದರಿಂದ ಕಾಳಿಗೆ ಮುಳ್ಳು ಕಡಿಮೆ. ಪ್ರತಿ ಸಂಕ್ರಾಂತಿಗೂ ಅವಳು ಒಂದು ಸಣ್ಣ ಡಬ್ಬಿ ಬೇರೆ ಎತ್ತಿಡುತ್ತಾಳೆ, ಯಾರಿಗೆಂದು ಹೇಳುವುದಿಲ್ಲ, ಮಾರ್ಚಿನ ಹೊತ್ತಿಗೆ ಇರುವೆ ತಿಂದು ಮುಗಿಸುತ್ತವೆ. ಇಲ್ಲಿ ಉತ್ತರಾಯಣದ ಗದ್ದಲ ನಿನ್ನೆಗೆ ಮುಗಿಯಿತು. ಸೊಸೈಟಿಯ ಬೇವಿನ ಮರದಲ್ಲಿ ಈಗ ಎಲೆಗಿಂತ ಹರಿದ ಗಾಳಿಪಟ ಹೆಚ್ಚು. ನಿನ್ನ ಸೋದರಸೊಸೆ, ನಮ್ಮ ವರ್ಷಿಣಿಗೆ ಹದಿನಾಲ್ಕು. ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೊರಡುವುದಿಲ್ಲ. ಅಡುಗೆಮನೆ ಮಾತ್ರ ನೀನಿದ್ದಾಗಿನಂತೆಯೇ ಇದೆ. ನೀನು ಊರಿನಿಂದ ನಮ್ಮ ಜೊತೆ ಇರಲು ಬಂದ ಮೊದಲ ವಾರ ಕಟ್ಟಿದ ಹಾಡು ನೆನಪಿದೆಯೇ?

ಬ್ಯಾಳಿಗೆ ಬೆಲ್ಲ,
ಬ್ಯಾಡನ್ನಾಕ ಬಾಯಿಲ್ಲ.

ಈಗ ಗುಜರಾತಿಗಳಂತೆ ನನಗೂ ಬೆಲ್ಲವಿಲ್ಲದ ಬೇಳೆ ರುಚಿಸುವುದಿಲ್ಲ. ಮನುಷ್ಯ ಏನಕ್ಕೆ ಬೇಕಾದರೂ ಒಗ್ಗುತ್ತಾನೆ, ಕೆಲವಕ್ಕೆ ಬಿಟ್ಟು.

ಈಗ ಸುದ್ದಿ. ಇಲ್ಲಿಯ ನಮ್ಮ ಕನ್ನಡ ಸಂಘ ಒಂದು ಸ್ಮರಣ ಸಂಚಿಕೆ ತರುತ್ತಿದೆ. ಪ್ರಾಸವಿದ್ದರೆ ಪದ್ಯವೆಂದು ನಂಬುವ ಜನ ಕಡಿಮೆಯಾಗುತ್ತಿರುವುದರಿಂದ ಈ ಸಲ ನನ್ನಿಂದ ಗದ್ಯ ಕೇಳಿದರು. ಕಾರ್ಯದರ್ಶಿ ವೆಂಕಟಾಚಲ ಮೈಸೂರಿನ ಕಡೆಯವರು, ನಿವೃತ್ತ ಪ್ರಾಧ್ಯಾಪಕರು. "ನಿಮ್ಮ ಮುತ್ತಾತ ಎಂ.ಎಲ್.ಸಿ. ಆಗಿದ್ರಂತಲ್ಲ, ಅವರ ಮೇಲೇ ಬರೀರಿ. ಡೇಟ್ ಮಾತ್ರ ಸರಿಯಾಗಿ ಹಾಕ್ಬಿಡಿ ಸುಧೀರ್, ಆಮೇಲೆ ಯಾರಾದ್ರೂ ಕೊಕ್ಕೆ ತೆಗೀತಾರೆ" ಎಂದರು. ಡೇಟು ತಾನೆ, ಎಂದುಕೊಂಡೆ.

ಮುತ್ಯಾನ ಕಥೆ ನಮಗಿಬ್ಬರಿಗೂ ಮಗ್ಗಿಯಷ್ಟು ಬಾಯಿಪಾಠ. ಅಪ್ಪನ ಅಜ್ಜ, ಗೋಕಾಕದ ಹತ್ತಿರದ ಹಳ್ಳಿಯ ಕೆಂಪಣ್ಣ. ಎತ್ತಿನ ಗಾಡಿಯಲ್ಲಿ ಬೆಳಗಾವಿಗೆ ಬಂದು ಮೆಟ್ರಿಕ್ ಮುಗಿಸಿದ್ದು, ಪುಣೆಯಲ್ಲಿ ಕಾಲೇಜು, ಮುಂಬಯಿಯಲ್ಲಿ ಕಾನೂನು, ೧೯೦೯ರಲ್ಲಿ ಬೆಳಗಾವಿ ಕೋರ್ಟಿನಲ್ಲಿ ಮೊದಲ ವಕಾಲತ್ತು. ವಾದವನ್ನೆಲ್ಲ ಹಿಂದಿನ ದಿನವೇ ಬರೆದುಕೊಳ್ಳುವುದು ಅವರ ಪದ್ಧತಿ. ನ್ಯಾಯಾಧೀಶರು ಏನು ಕೇಳಬಹುದು, ಎದುರಿನ ವಕೀಲರು ಎಲ್ಲಿ ತಡೆಯಬಹುದು, ತಾವು ಎಲ್ಲಿ ನಿಂತು ನೀರು ಕುಡಿಯಬೇಕು, ಎಲ್ಲವೂ ಕಂಸದೊಳಗೆ. ಕಾಲುವೆ ನೀರಿನ ಮೊಕದ್ದಮೆಗಳಲ್ಲಿ ರೈತರ ಪರ ನಿಂತು ಹೆಸರಾದರು. ೧೯೨೩ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನಸಭೆಗೆ ಆರಿಸಿ ಬಂದರು. ೧೯೨೫ರ ಮಳೆಗಾಲದಲ್ಲಿ ಪುಣೆಯ ಅಧಿವೇಶನದಲ್ಲಿ, ಹಳ್ಳಿಯ ಹೆಣ್ಣುಮಕ್ಕಳ ಶಾಲೆಗಳಿಗಾಗಿ ಬಂದ ಒಂದು ತಿದ್ದುಪಡಿಯನ್ನು ಬೆಂಬಲಿಸಿ ಆ ಭಾಷಣ ಮಾಡಿದರು. ಊರ ವಾರಪತ್ರಿಕೆ ಅದನ್ನು ಕನ್ನಡದಲ್ಲಿ ಅಚ್ಚು ಹಾಕಿತು. ನಮ್ಮ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದು ಅದೇ.

ಮತ್ತು ಪ್ರತಿ ವರ್ಷ ಅವರ ಪುಣ್ಯತಿಥಿಯ ದಿನ ನಾವು. ನಾನು ಓದುವವನು, ನೀನು ಕಂಸ, ಅಂದರೆ ಭಾಷಣದ ನಡುನಡುವೆ ಅಚ್ಚಾದ ಸಭಿಕರ ಸದ್ದು. "ಹೆಣ್ಣುಮಗು ಅಕ್ಷರ ಕಲಿತರೆ ಮನೆ ಒಡೆಯುವುದೆನ್ನುವ ಮಹಾಶಯರು ಮೊದಲು ತಮ್ಮ ಮನೆಯ ಗೋಡೆಯನ್ನು ತಪಾಸಣೆ ಮಾಡಿಸಿಕೊಳ್ಳಲಿ" ಎಂದು ನಾನು ಕೈಯೆತ್ತಿದರೆ, ನೀನು ಮೂಲೆಯ ಮಣೆಯ ಮೇಲೆ ನಿಂತು ಗಡಸು ದನಿಯಲ್ಲಿ "ದೀರ್ಘ ಕರತಾಡನ!" ಎಂದು ಘೋಷಿಸಿ, ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ಹೊಡೆಯುತ್ತಿದ್ದೆ. ನಗು, ಸಂತೋಷದ ಕೂಗು, ಕೇಳಿರಿ ಕೇಳಿರಿ ಎಂಬ ಉದ್ಗಾರ, ಇಡೀ ಶಾಸನಸಭೆ ನೀನೊಬ್ಬಳೇ. ಒಂದು ವರ್ಷ ಪ್ಲೇಗಿನಲ್ಲಿ ಸತ್ತವರ ವಿಷಯ ಬಂದಲ್ಲಿ ನೀನು ಸಾಲು ತಪ್ಪಿ "ನಗು!" ಎಂದು ನಕ್ಕುಬಿಟ್ಟೆ, ಅಪ್ಪ ಕಿವಿ ಹಿಡಿದು ಹೊರಗೆ ನಿಲ್ಲಿಸಿದರು. ನೀನು ಹೊರಗಿನಿಂದಲೇ, ಕಿಟಕಿಯ ಸರಳು ಹಿಡಿದು, ಉಳಿದ ಚಪ್ಪಾಳೆಯನ್ನೆಲ್ಲ ಸರಿಯಾದ ಜಾಗದಲ್ಲಿ ಹೊಡೆದೆ. ಅಡುಗೆಮನೆಯ ವಾಸನೆಗೆ ಅಂದೇ ನಾವು ಹಾಡು ಕಟ್ಟಿದ್ದು:

ಮುತ್ಯಾನ ಮಾತು ಕೇಳ್ರಿ ಹಿಗ್ಗಿ,
ಮುಗಿದ ಮ್ಯಾಲ ಗೋದಿ ಹುಗ್ಗಿ.

ನೀನು ಹೋದ ಮೇಲೆ, ಊರ ಮನೆ ಬಿಟ್ಟು ಕಟ್ಟಿನ ಸಮೇತ ನಮ್ಮಲ್ಲಿಗೆ ಬಂದ ಅಪ್ಪ ಎರಡು ವರ್ಷ ಇಲ್ಲಿಯೂ ನನ್ನಿಂದ ಓದಿಸಿದರು. ಕಂಸ ಬಂದಲ್ಲಿ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಮೂರನೆಯ ವರ್ಷ ಅಪ್ಪನೇ ಕಟ್ಟನ್ನು ಇಳಿಸಿ ಅಟ್ಟಕ್ಕೆ ಹಾಕಿದರು.

ಸರಿ, ಡೇಟು. ಪ್ರಾಂತ್ಯದ ಕಾಲದ ನಡವಳಿಯ ಸಂಪುಟಗಳು ವಡೋದರಾದ ಒಂದು ಹಳೆಯ ಗ್ರಂಥಾಲಯದಲ್ಲಿವೆ ಎಂದು ವೆಂಕಟಾಚಲ ಹೇಳಿದ್ದರು. ನವರಂಗಪುರದ ನಮ್ಮ ರಟ್ಟಿನ ಡಬ್ಬಿ ಕಂಪನಿಗೆ ಒಂದು ದಿನ ರಜೆ ಹಾಕಿ ರೈಲು ಹತ್ತಿದೆ. ಪೂಜಾಬೆನ್ ಎಂಬ ಗ್ರಂಥಪಾಲಕಿ ಧೂಳು ಝಾಡಿಸಿ ನಾಲ್ಕು ಸಂಪುಟ ತಂದಿಟ್ಟರು. ಮುತ್ಯಾ ಸಿಕ್ಕರು, ಮಂದಾ! ಮೂರು ವರ್ಷದಲ್ಲಿ ನಲವತ್ತೇಳು ಪ್ರಶ್ನೆ. ಘಟಪ್ರಭೆಯ ಸೇತುವೆ ಯಾವಾಗ, ಇಂಥ ಊರಿನ ಶಾಲೆಯ ಮಾಡು ಸೋರುವುದು ಸರ್ಕಾರಕ್ಕೆ ತಿಳಿದಿದೆಯೇ, ಅಂಚೆಯವನು ವಾರಕ್ಕೊಮ್ಮೆ ಬರುವುದೇಕೆ. ಸರ್ಕಾರದ ಉತ್ತರ ಹೆಚ್ಚುಕಡಿಮೆ ಒಂದೇ: ಮಾಹಿತಿ ತರಿಸಿಕೊಳ್ಳಲಾಗುತ್ತಿದೆ. ಮುತ್ಯಾ ಸೋತವರ ಹಾಗೆ ಕಾಣಲಿಲ್ಲ, ಮುಂದಿನ ಅಧಿವೇಶನದಲ್ಲಿ ಅದೇ ಮಾಡನ್ನು ಮತ್ತೆ ಸೋರಿಸುತ್ತಿದ್ದರು.

ಆದರೆ ಭಾಷಣವಿಲ್ಲ. ತಿದ್ದುಪಡಿ ಇದೆ, ಚರ್ಚೆ ಇದೆ, ಯಾರ್ಯಾರೋ ಮಾತಾಡಿದ್ದಾರೆ, ಮುತ್ಯಾ ಇಲ್ಲ. ಕೊನೆಗೆ ಮತದ ಪಟ್ಟಿ: ಪರ ನಲವತ್ತು, ವಿರೋಧ ನಲವತ್ತೊಂದು. ಹೆಸರುಗಳನ್ನು ಬೆರಳಿಟ್ಟು ಎರಡು ಸಲ ಓದಿದೆ. ಎರಡೂ ಕಡೆ ಕೆಂಪಣ್ಣ ಇಲ್ಲ. ಹಾಳೆ ಹರಿದಿರಬೇಕೆಂದು ಪೂಜಾಬೆನ್ ಹತ್ತಿರ ಹೋದೆ. ಅವರು ಪುಟದ ಅಂಕಿ ಎಣಿಸಿ ನೋಡಿ, "ಪೇಜ್ ತೋ ಬಧಾ ಛೆ, ಭಾಯಿ" ಎಂದರು. ಪುಟಗಳೆಲ್ಲ ಇವೆ. ಮನುಷ್ಯನೇ ಇಲ್ಲ.

ಆಗ ಹೊಳೆಯಿತು. ಎಲ್ಲವನ್ನೂ ಮೊದಲೇ ಬರೆಯುವವರು ಭಾಷಣವನ್ನೂ ಮೊದಲೇ ಬರೆದರು, ಕನ್ನಡದಲ್ಲಿ ಒಂದು ಪ್ರತಿ ಮಾಡಿ ಊರ ಪತ್ರಿಕೆಗೆ ಅಂಚೆಗೆ ಹಾಕಿದರು. ಚಪ್ಪಾಳೆ ಎಲ್ಲಿ ಬೀಳಬೇಕೆಂಬುದನ್ನೂ ತಾವೇ ಗುರುತು ಮಾಡಿದರು. ಪತ್ರಿಕೆಯವರು ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿದರು. ಎಪ್ಪತ್ತು ವರ್ಷ ನಮ್ಮ ಮನೆತನ ಮಾಡದ ಭಾಷಣ ಓದಿ, ಬೀಳದ ಚಪ್ಪಾಳೆ ಹೊಡೆದಿದೆ. ಬಿದ್ದ ಚಪ್ಪಾಳೆ ಎಂದರೆ ನಿನ್ನದೊಂದೇ.

ನಗಬೇಡ, ಮುಂದೆ ಕೇಳು. ಮರುವರ್ಷದ ಮಾರ್ಚಿನ ಸಂಪುಟದಲ್ಲಿ ಒಬ್ಬ ಸದಸ್ಯರು ಎದ್ದು ನಿಂತು ಅವರನ್ನು ಚುಚ್ಚಿದ್ದಾರೆ. ಮಾನ್ಯ ಸದಸ್ಯರು ಪತ್ರಿಕೆಯಲ್ಲಿ ಗಿಟ್ಟಿಸಿಕೊಂಡ ಚಪ್ಪಾಳೆಯ ಹೊತ್ತನ್ನು ಸಭೆಯಲ್ಲಿ ಕಳೆದಿದ್ದರೆ ತಿದ್ದುಪಡಿ ಉಳಿಯುತ್ತಿತ್ತೇನೋ, ಎಂದು. ಅದರ ಮುಂದೆ ಕಂಸದಲ್ಲಿ ನಗು. ಅದು ನಿಜವಾದ ನಗು. ಮುತ್ಯಾ ಎದ್ದು ಕೊಟ್ಟ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡೆ, ಇಂಗ್ಲಿಷಿನಿಂದ ನನಗೆ ತಿಳಿದಂತೆ ಇಳಿಸಿದ್ದೇನೆ:

"ನನ್ನ ತಂಗಿ ಸೂರತ್ತಿನಲ್ಲಿ ಉಪಾಧ್ಯಾಯಿನಿ. ವಿಧವೆಯಾದ ಮೇಲೆ ಮನೆಯ ಮಾತು ಮೀರಿ ಹೋದಳೆಂದು ಎಂಟು ವರ್ಷ ನಮ್ಮ ಮನೆಯವರಾರೂ ಅವಳಿಗೆ ಒಂದು ಸಾಲು ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಮತಕ್ಕೆ ಹಾಕುವ ಹಿಂದಿನ ದಿನ ಅವಳು ಹಾಸಿಗೆ ಹಿಡಿದಿರುವ ತಂತಿ ಬಂತು. ತಿದ್ದುಪಡಿಗೆ ಬೇರೆ ನಲವತ್ತು ಜನರಿದ್ದರು, ಅವಳಿಗೆ ಇದ್ದ ಅಣ್ಣ ಒಬ್ಬನೇ. ಸಮಯಕ್ಕೆ ತಲುಪಿದೆ."

ಅಷ್ಟೇ. ಮುಂದಿನ ಸಾಲಿಗೆ ಯಾವುದೋ ರಸ್ತೆಯ ವಿಷಯ. ಈ ಮಾತಿನ ಮುಂದೆ ಕಂಸವಿಲ್ಲ, ಕರತಾಡನವಿಲ್ಲ, ಯಾರೂ ಕೇಳಿರಿ ಎನ್ನಲಿಲ್ಲ. ಮೊದಲೇ ಬರೆದುಕೊಳ್ಳದೆ ಅವರು ಆಡಿದ ಮಾತು ಬಹುಶಃ ಇದೊಂದೇ. ಆ ವರ್ಷದ ಚುನಾವಣೆಯಲ್ಲಿ ಸೋತರು, ಕಪ್ಪು ಕೋಟು ಹಾಕಿಕೊಂಡು ಮತ್ತೆ ಹದಿನೈದು ವರ್ಷ ಕೋರ್ಟಿಗೆ ನಡೆದರು, ೧೯೪೧ರಲ್ಲಿ ತೀರಿಕೊಂಡರು. ಪತ್ರಿಕೆಯ ತುಣುಕಿಗೆ ಕಟ್ಟು ಹಾಕಿಸಿದ್ದು ಅವರ ಮಗ, ಅವರು ಹೋದ ಮೇಲೆ.

ಓದುವ ಮೇಜಿನ ಮುಂದೆ ಕೂತಾಗ ನನಗೆ ನೆನಪಾದದ್ದು ಪುಣೆಯ ಸಭೆಯಲ್ಲ, ನಮ್ಮ ಈ ನಡುಮನೆ. ಹನ್ನೆರಡು ವರ್ಷದ ಹಿಂದೆ ಅಪ್ಪ ಊರಿನಿಂದ ಬಂದು ಈ ಸೋಫಾದ ಮೇಲೆ ಸಭಾಪತಿಯಾಗಿ ಕೂತು, ಮಂದಾ ನಿತೇಶನನ್ನು ಮದುವೆಯಾಗಬಹುದೇ, ಪರ ಇದ್ದವರು ಕೈ ಎತ್ತಿ, ಎಂದದ್ದು. ನೀನು ಎತ್ತಿದೆ. ರಶ್ಮಿ ಎತ್ತಿದಳು, ಮಾವನವರ ಮುಖ ನೋಡುತ್ತಲೇ. ವಿರೋಧಕ್ಕೆ ಅಪ್ಪ, ಅವ್ವ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು, ಚಹಾಕ್ಕೆ ಹಾಲು ತರುತ್ತೇನೆ, ಎಂದೆ. ಚಪ್ಪಲಿ ಮೆಟ್ಟುವಾಗ ನೀನು ಹಿಂದಿನಿಂದ, "ಫ್ರಿಜ್ಜಿನ್ಯಾಗ ಎರಡು ಪಾಕೀಟು ಹಾಲ ಐತಿ, ಅಣ್ಣಾ" ಅಂದೆ. ಕೇಳಿಸಿತು. ಕೇಳಿಸದವನ ಹಾಗೆ ಮೆಟ್ಟಿಲಿಳಿದೆ. ಮೂರನೆಯ ಪಾಕೀಟು ಹಿಡಿದು ಬರುವ ಹೊತ್ತಿಗೆ ಎರಡಕ್ಕೆ ಎರಡು ಸಮ ಬಿದ್ದು, ಸಭಾಪತಿ ನಿರ್ಣಾಯಕ ಮತಕ್ಕೆಂದು ಇನ್ನೊಂದು ಸಲ ಕೈ ಎತ್ತಿಯಾಗಿತ್ತು, ನೀನು ಸೂಟ್‌ಕೇಸ್ ತುಂಬುತ್ತಿದ್ದೆ.

ಮುತ್ಯಾನೂ ಗೈರು, ನಾನೂ ಗೈರು. ಅವರು ತಂಗಿಯ ಹತ್ತಿರ ಹೋಗಲು ಎದ್ದರು. ನಾನು ತಂಗಿಯಿಂದ ತಪ್ಪಿಸಿಕೊಳ್ಳಲು ಎದ್ದೆ.

ಆಮೇಲೆ ಕಂಪನಿಯ ಕೆಲಸಕ್ಕೆಂದು ಮೂರು ಸಲ ಸಚಿನ್‌ಗೆ ಬಂದಿದ್ದೇನೆ, ನಿನ್ನ ಕಾರ್ಖಾನೆಯ ಗೇಟಿನ ಎದುರಿನ ಗಾಡಿಯಲ್ಲಿ ಚಹಾ ಕುಡಿದು, ಪಾಳಿ ಬಿಡುವ ಮೊದಲೇ ಹೊರಟುಬಿಟ್ಟಿದ್ದೇನೆ. ಅಪ್ಪ ತೀರಿಕೊಂಡ ದಿನ ನೀನು ನಮ್ಮ ಸೊಸೈಟಿಯ ಗೇಟಿನವರೆಗೆ ಬಂದು, ವಾಚ್‌ಮನ್ ಕೊಟ್ಟ ನೀರು ಕುಡಿದು ತಿರುಗಿ ಹೋದದ್ದು ನನಗೆ ತಿಂಗಳ ನಂತರ ಅವನಿಂದ ಗೊತ್ತಾಯಿತು. ಗೇಟು ದಾಟದೆ ಹೋಗುವ ಕಲೆ ಇಬ್ಬರಿಗೂ ಒಂದೇ ರಕ್ತದಿಂದ ಬಂದಿರಬೇಕು. ಕಳೆದ ವಾರ ಗ್ರಂಥಾಲಯದಿಂದ ಮರಳುವಾಗ ವಡೋದರಾ ಸ್ಟೇಷನ್ನಿನಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ಸೂರತ್ತಿನ ಗಾಡಿ ಬಂದು ನಿಂತಿತ್ತು. ಮುತ್ಯಾನ ಚೀಟಿ ಜೇಬಿನಲ್ಲೇ ಇತ್ತು. ಅದು ಹೊರಡುವವರೆಗೆ ನೋಡುತ್ತ ನಿಂತಿದ್ದು, ಅಹಮದಾಬಾದಿನ ಗಾಡಿ ಹತ್ತಿದೆ. ಈ ವಾಕ್ಯಕ್ಕೆ ಪ್ರಾಸ ಹುಡುಕಲಿಲ್ಲ.

ನಿತೇಶಭಾಯಿಗೆ ನನ್ನ ನಮಸ್ಕಾರ ಹೇಳು. ಅವರ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ, ಧೈರ್ಯವೂ ಇರಲಿಲ್ಲ. ಚಿನ್ಮಯಿಗೆ ಸೋದರಮಾವನೊಬ್ಬ ಇದ್ದಾನೆಂದು ಹೇಳು, ಹಲ್ಲಿಲ್ಲದ ಬಾಯಿಗೆ ಕುಸುರೆಳ್ಳು ಚೀಪಲು ಬರುತ್ತದೆ. ನೀನು ಬೆಚ್ಚಗಿರು, ಕೆಮ್ಮಿಗೆ ಶುಂಠಿ ತಗೋ.

ಇಂತಿ ನಿನ್ನ,
ಗೈರುಹಾಜರಾದ ಅಣ್ಣ
ಸುಧೀರ

ತಾ.ಕ.: ರಶ್ಮಿ ಅಂಚೆಗೆ ಹಾಕಲು ಕಾಯುತ್ತಿದ್ದಾಳೆ, ಮುಖ್ಯ ವಿಷಯ ಬರೆದೇ ಇಲ್ಲ. ಮುತ್ಯಾನ ಉತ್ತರವನ್ನು ಅವ್ವನಿಗೆ ಓದಿ ಹೇಳಿದೆ. ಅವಳು, "ಆಕಿ ಹೆಸರು ನೀಲವ್ವ. ನಮ್ಮ ಅತ್ತಿ ಒಂದ ಸಲ ಹೇಳಿದ್ದಳು, ಆಮ್ಯಾಲ ಯಾರೂ ಆ ಹೆಸರ ಎತ್ತಲಿಲ್ಲ" ಎಂದಳು. ಆಮೇಲೆ ನಿನ್ನ ಕುರಿತು, "ಅವತ್ತ ಎತ್ತಿದ ಕೈ ನಾ ಇಳಿಸೇನಿ ಅಂತ ಬರಿ ಆಕಿಗೆ" ಎಂದಳು. ಬರೆದಿದ್ದೇನೆ. ಇಪ್ಪತ್ತಾರನೇ ತಾರೀಖು ರವಿವಾರ ಬೆಳಗಿನ ಗಾಡಿಗೆ ನಾನೂ ಅವ್ವನೂ ಬರುತ್ತೇವೆ, ಟಿಕೀಟು ಆಗಿದೆ. ಅವ್ವನಿಗೆ ಮೊಣಕಾಲು ನೋವು, ನಿನ್ನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲವೆಂದು ರಶ್ಮಿ ಹೆದರಿಸಿದಳು. "ಕುಂತ ಕುಂತ ಏರ್ತೀನಿ" ಎಂದಳು ಅವ್ವ. ಬಾಗಿಲು ತೆಗೆಯಲು ಮನಸ್ಸಾಗದಿದ್ದರೆ ಒಳಗಿನಿಂದ ಒಂದೇ ಒಂದು ಚಪ್ಪಾಳೆ ತಟ್ಟು, ನೀನಿದ್ದೀ ಎಂದು ತಿಳಿದುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತೇವೆ. ತೆಗೆದರೆ, ಹಾಲು ಮಾತ್ರ ಮೊದಲೇ ತರಿಸಿಡು. ಈ ಸಲ ನಾನು ನಡುವೆ ಎದ್ದು ಹೋಗುವವನಲ್ಲ.