ರಾಡ್ನಿ ಮನೆ ಮುಂದಿನ ಕಾರು

ವಯಾಲಾ,
ಜೂನ್ ೧೨, ಬುಧವಾರ

ನೆವಿಲ್,

ನನ್ನ ಅಕ್ಷರ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ. ಮೊದಲು ಇದನ್ನು ಓದಿಕೋ: ಲಾಕಿ ಬದುಕಿದ್ದಾನೆ. ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ. ಈಗಷ್ಟೇ ಮಗ್ಗುಲು ಬದಲಿಸಿದ. ಇನ್ನು ಕೂತುಕೊಂಡು ಮುಂದಕ್ಕೆ ಓದು.

ಶುಕ್ರವಾರ ಅವನನ್ನು ಅಡಿಲೇಡಿನ ಆಸ್ಪತ್ರೆಯಿಂದ ಬಿಟ್ಟರು. ಸೂಜಿಯಿಂದ ಹೃದಯಕ್ಕೆ ಹತ್ತಿದ ಸೋಂಕು ವಾಸಿಯಾಗಿದೆ. ಬಸ್ಸಿನಿಂದ ಇಳಿದವನನ್ನು ನೋಡಿ ನಮ್ಮ ಮಗನಲ್ಲ, ಯಾರದೋ ಮಗ ಅಂದುಕೊಂಡೆ, ಅಷ್ಟು ಇಳಿದುಹೋಗಿದ್ದಾನೆ. ಹೆರಾಯಿನ್ ಆಸೆಯನ್ನು ಹಿಡಿದಿಡಲು ನಾಲಗೆಯಡಿ ಕರಗುವ ಔಷಧಿಯೊಂದನ್ನು ಕೊಡುತ್ತಾರೆ. ಅದನ್ನು ದಿನವೂ ಇಲ್ಲಿನ ಔಷಧಿ ಅಂಗಡಿಯಲ್ಲಿ, ಅವರ ಕಣ್ಣೆದುರೇ ತಗೊಳ್ಳಬೇಕು. ಜೊತೆಗೆ ನನ್ನ ಕೈಗೆ ಒಂದು ಮೂಗಿನ ಸ್ಪ್ರೇ ಕೊಟ್ಟರು. ಅವನ ಉಸಿರು ನಿಂತರೆ ಹಾಕಬೇಕಂತೆ. ಇಷ್ಟು ವಾರ ಹೆರಾಯಿನ್ ಮುಟ್ಟದ ಮೈ ಹಳೆಯ ಅಳತೆಯನ್ನು ಮರೆತಿರುತ್ತದೆ, ಹಳೆಯಷ್ಟೇ ಚುಚ್ಚಿಕೊಂಡರೆ ಅದೇ ಕೊನೆ ಎಂದು ನರ್ಸ್ ಹೇಳಿದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಕಿರುಚಿ ಹೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

ಶನಿವಾರ ಅಂಗಡಿಗೆ ಹೋದರೆ ಅಲ್ಲಿನ ಹುಡುಗಿ ಕಂಪ್ಯೂಟರ್ ತಡಕಾಡಿ, ಆಸ್ಪತ್ರೆಯಿಂದ ಔಷಧಿ ಚೀಟಿಯೇ ಬಂದಿಲ್ಲ ಎಂದಳು. ಸೋಮವಾರ ರಾಜನ ಹುಟ್ಟುಹಬ್ಬದ ರಜೆ. ಬರೆದ ಡಾಕ್ಟರು ಮಂಗಳವಾರವೇ ಸಿಗುವುದು. ನಾನು ಗಟ್ಟಿಯಾಗಿ ಜಗಳಕ್ಕೆ ನಿಂತೆ. ಲಾಕಿ ನನ್ನ ತೋಳು ಹಿಡಿದು ಹೊರಗೆ ಕರೆತಂದ. "ಬಿಡಮ್ಮ, ಊರಿಗೆಲ್ಲ ರಜಾ. ನನ್ ಮೈಗೂ ಒಂದ್ ಮೂರ್ ದಿನ ರಜಾ ಕೊಟ್ರಾಯ್ತು," ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಸಿಮಿ ಎಂಬವನಿಗೆ ಫೋನ್ ಮಾಡಿದೆ. ಆಸ್ಪತ್ರೆಯಿಂದ ಮನೆಗೆ ಬಂದವರ ಜೊತೆ ಓಡಾಡುವುದೇ ಅವನ ಕೆಲಸ. ಸಮೋವಾದವನು, ಬಾಗಿಲು ತುಂಬುವಂಥ ಆಳು, ಬಾಯಿಬಡುಕ. ಫೋನ್ ಎತ್ತಲಿಲ್ಲ. ಅವನಿಗೂ ರಜೆ ತಾನೇ.

ಔಷಧಿ ತಪ್ಪಿದ್ದರ ಕಾಟ ಭಾನುವಾರ ಶುರುವಾಯಿತು. ಆಕಳಿಕೆ, ಬೆವರು, ಹೊಟ್ಟೆ ಹಿಂಡುವ ನೋವು. ಸೋಫಾದಲ್ಲಿ ಕೂತರೆ ಕಾಲು ತಾವಾಗಿಯೇ ಒದೆಯುತ್ತಿದ್ದವು. ಸೂಪ್ ಮಾಡಿದರೆ ವಾಸನೆಗೇ ಎದ್ದು ಓಡಿದ. ಅವನು ಹಿತ್ತಲಿಗೆ ಹೋದಾಗ ಬಚ್ಚಲಿನ ಚಿಲಕ ಬಿಚ್ಚಿಟ್ಟೆ. ಬಂದು ನೋಡಿ, "ಅಮ್ಮಾ, ಒಂದಕ್ಕೆ ಹೋಗೋಕೂ ನಿನ್ ಕಾವಲಾ? ಜೈಲಲ್ಲಾದ್ರೂ ಬಾಗ್ಲು ಹಾಕ್ತಾರೆ," ಎಂದ. "ಜೈಲಲ್ಲಿ ನಿನ್ ಹೆತ್ತೋಳು ಇರಲ್ವಲ್ಲ," ಎಂದೆ. ಇಬ್ಬರಿಗೂ ನಗು ಬಂತು. ಆಮೇಲೆ ಅವನು ಅತ್ತ. ನಾನು ಅಳಲಿಲ್ಲ.

ಸೋಮವಾರ ಬಟ್ಟೆ ಒಣಹಾಕಿ ಒಳಗೆ ಬಂದೆ. ಕಾರೂ ಇಲ್ಲ, ಅವನೂ ಇಲ್ಲ. ಎಲ್ಲಿಗೆ ಎಂದು ಯಾರೂ ಹೇಳಬೇಕಿರಲಿಲ್ಲ. ಸ್ಪ್ರೇ ಕೋಟಿನ ಜೇಬಿಗೆ ಹಾಕಿಕೊಂಡು ಪಕ್ಕದ ಮನೆ ಬೆರಿಲ್ ಹತ್ತಿರ ಕಾರು ಕೇಳಿದೆ. ಅವಳು ಏನೂ ಕೇಳದೆ ಕೀ ಕೊಟ್ಟಳು. "ಕ್ಲಚ್ ಮೊಂಡು ಕಣೇ, ಒದ್ದು ತುಳಿ," ಎಂದಳಷ್ಟೇ.

ನಮ್ಮ ಕಾರು, ಅವನಿಗೆ ಹೆರಾಯಿನ್ ಮಾರುತ್ತಿದ್ದ ಆ ರಾಡ್ನಿ ಮನೆ ಮುಂದೆಯೇ ನಿಂತಿತ್ತು. ಸ್ಟೀರಿಂಗ್ ಮೇಲೆ ತಲೆ ಇಟ್ಟುಕೊಂಡು ಲಾಕಿ ಕೂತಿದ್ದ. ಅಲುಗಾಟವಿಲ್ಲ. ನಾನು ನೇರ ಹೋಗಿ ಗಾಜು ತಟ್ಟಿದೆ.

ತಲೆ ಎತ್ತಿದ. ಮುಖ ಬೂದಿ ಬಣ್ಣ, ಆದರೆ ಕಣ್ಣು ನೆಟ್ಟಗಿತ್ತು. ಒಳಗೆ ಹೋಗಿರಲಿಲ್ಲ, ನೆವಿಲ್. ಬಂದಾಗಿನಿಂದ ಹಾಗೇ ಕೂತಿದ್ದನಂತೆ. "ಕೀ ಕಿತ್ಕೊಂಡು ಒಳಗ್ ಕೂತ್ಕೊಳಮ್ಮ. ನಾನ್ ಇಳಿದ್ರೆ ಕಾಲು ಆ ಕಡೆಗೇ ಹೋಗತ್ತೆ. ವಾಪಸ್ ಓಡಿಸ್ಕೊಂಡ್ ಬರೋಕೂ ಕೈ ಬರ್ತಿಲ್ಲ," ಎಂದ. ನಾನು ಪಕ್ಕದ ಸೀಟಿಗೆ ಹತ್ತಿ ಅವನ ಕೈ ಹಿಡಿದುಕೊಂಡೆ.

ಅಷ್ಟರಲ್ಲಿ ರಾಡ್ನಿ ಜಗಲಿಗೆ ಬಂದ. ಶಾಲೆ ಬಿಟ್ಟು ಲಾಕಿ ಜೊತೆ ಬಂದು ನಮ್ಮ ಮೇಜಿನ ಮೇಲೆ ಜಾಮ್ ಚೆಲ್ಲುತ್ತಿದ್ದ ಅದೇ ಹುಡುಗ. "ಏನ್ ಆಂಟಿ, ಹೊರಗೇ ಕೂತ್ರಿ? ಚಳಿ ಇದೆ, ಒಳಗ್ ಬನ್ನಿ, ಟೀ ಮಾಡ್ತೀನಿ," ಎಂದ. ಆ ದನಿಯಲ್ಲಿ ಪ್ರೀತಿಯೇ ಇತ್ತು. "ನಿನ್ ಟೀ ನೀನೇ ಕುಡಿಯಪ್ಪ," ಎಂದೆ. ಅವನು ಹೋಗಲಿಲ್ಲ. ಕಂಬಕ್ಕೆ ಒರಗಿ ನಗುತ್ತ ನಿಂತ. ಅವಸರವೇ ಇಲ್ಲದವನ ಹಾಗೆ. ಲಾಕಿಯ ಕೈ ನನ್ನ ಕೈಯೊಳಗೆ ಬೆವರುತ್ತಿತ್ತು.

ಆಗ ಸಿಮಿಯ ಫೋನ್ ಬಂತು. ಎಲ್ಲಿದ್ದೇವೆಂದು ಹೇಳಿದೆ. "ಅಲ್ಲೇ ಇರಿ ತಾಯಿ. ಬಾಗ್ಲು ಲಾಕ್ ಮಾಡಿ. ಅವನ ಹತ್ರ ಮಾತಾಡ್ತಾನೇ ಇರಿ, ಏನಾದ್ರೂ ಸರಿ, ಫುಟ್ಬಾಲ್ ಆದ್ರೂ ಸರಿ," ಎಂದ. ನನಗೆ ಫುಟ್ಬಾಲ್ ಎಲ್ಲಿ ಗೊತ್ತು? ಲಾಕಿ ಹುಟ್ಟಿದ ದಿನ ಬೀಸಿದ ಧೂಳುಗಾಳಿಯ ಕಥೆ ಹೇಳಿದೆ. "ಇದನ್ನ ನೂರ್ ಸಲ ಹೇಳಿದೀಯಮ್ಮ," ಎಂದ. ಆದರೂ ಹೇಳಿಸಿಕೊಂಡ.

ಸಿಮಿ ಚರ್ಚಿನ ಕೂಟದಿಂದ ನೇರ, ಅವರ ಕಡೆಯ ಲುಂಗಿ, ಟೈ ಸಮೇತ ಬಂದಿಳಿದ. ರಾಡ್ನಿಗೆ ಕೈ ಬೀಸಿ ನಮಸ್ಕಾರ ಬೇರೆ ಮಾಡಿದ. ನಮ್ಮಿಬ್ಬರನ್ನೂ ಇಲ್ಲಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದ. ಕಾಯಬೇಕಾಯಿತು. ಎರಡು ಸಲ ಲಾಕಿ ಎದ್ದು ಹೊರಟೇಬಿಟ್ಟ. ಎರಡು ಸಲವೂ ಸಿಮಿ ತಡೆಯಲಿಲ್ಲ. "ನಡಿ, ನಾನೂ ಬರ್ತೀನಿ," ಎಂದು ಅವನ ಜೊತೆ ಕಾರುಗಳ ಸುತ್ತ ನಡೆದು, ನಡೆದು, ವಾಪಸ್ ಕರೆತಂದ. ಗಾಜಿನ ಆಚೆ ಅವರ ತಲೆ ಮರೆಯಾದಾಗಲೆಲ್ಲ ನಾನು ಎದ್ದು ಬಾಗಿಲವರೆಗೆ ಹೋಗಿ ನೋಡುತ್ತಿದ್ದೆ. ಕಡೆಗೆ ಒಬ್ಬಳು ಎಳೆಯ ಡಾಕ್ಟರ್ ಅಡಿಲೇಡಿಗೆ ಫೋನ್ ಮಾಡಿ, ಔಷಧಿ ತರಿಸಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವನ ಕಾಲು ಒದೆಯುವುದು ನಿಂತಿತು. ಹಸಿವು ಎಂದ. ಬೇಕರಿಯ ಪೈ ಎರಡು ತಿಂದ.

ಈಗ ಚೀಟಿ ಅಂಗಡಿಗೆ ಬಂದಿದೆ. ದಿನಾ ಬೆಳಗ್ಗೆ ಲಾಕಿಯ ಜೊತೆಗೆ ಸಿಮಿಯೂ ಹೋಗುತ್ತಾನೆ. ಹೃದಯದ ಡಾಕ್ಟರ ಹತ್ತಿರಕ್ಕೂ ಅವನೇ ಕರೆದೊಯ್ಯುವನಂತೆ. ಇನ್ನು ಹೆದರಬೇಕಾಗಿಲ್ಲವಲ್ಲ ಎಂದು ಕೇಳಿದೆ. "ಮತ್ತೆ ಬಿದ್ರೂ ಬೀಳಬಹುದು ತಾಯಿ. ಬಿದ್ರೆ ಆಗ್ಲೂ ಫೋನ್ ಮಾಡಿ, ನಾಚ್ಕೋಬೇಡಿ," ಎಂದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಹೆದರಿಕೆ ಹೋಗಿಲ್ಲ, ನೆವಿಲ್. ಕೆಟಲ್ ಕುದಿಯುವ ಸದ್ದಿಗೆ ಅವನ ಉಸಿರು ಕೇಳಿಸದೆಂದು ಟೀ ಕೂಡ ಅವನು ಎದ್ದ ಮೇಲೆಯೇ. ಸಾವಿನ ಸುದ್ದಿ ಹೊತ್ತ ಪೊಲೀಸರು ಬಾಗಿಲು ತಟ್ಟುವುದಕ್ಕೆ ಕಾಯುತ್ತ ಕೂರಲು ನನ್ನಿಂದಾಗದು ಎಂದು ನೀನು ಲಿಂಕನ್ನಿಗೆ ಸಿಗಡಿ ದೋಣಿಯ ಕೆಲಸಕ್ಕೆ ಹೊರಟೆಯಲ್ಲ, ಆಗ ನಿನ್ನನ್ನು ಬೈದೆ. ಈಗ ಬೈಯುವುದಿಲ್ಲ. ಬಾ ಎಂದೂ ಕರೆಯುತ್ತಿಲ್ಲ. ಸಿಗಡಿ ಹಂಗಾಮು ಬಿಟ್ಟು ಬರಬೇಡ. ನಾವು ಚೆನ್ನಾಗಿದ್ದೇವೆ.

ಇಂತು,
ಗ್ಲೆನಿಸ್

ಮತ್ತೆ: ನೇರ ಹೋಗಿ ಗಾಜು ತಟ್ಟಿದೆ ಎಂದು ಬರೆದಿದ್ದೇನೆ. ಹಾಗಾಗಲಿಲ್ಲ. ಅವನ ತಲೆ ಬಾಗಿದ್ದು ಕಂಡ ಮೇಲೆ ಬೆರಿಲ್ ಕಾರಿನಿಂದ ಇಳಿಯಲು ನನ್ನಿಂದ ಆಗಲಿಲ್ಲ. ಮುಗಿದೇಹೋಯಿತು ಅಂದುಕೊಂಡೆ. ಸೋಮವಾರ ನಿನಗೆ ಯಾವುದೋ ಫೋನ್ ಬಂದು ಯಾರೂ ಮಾತಾಡಲಿಲ್ಲವಲ್ಲ, ಅದು ನಾನು. "ಯಾರದು? ಯಾರ್ರೀ?" ಎಂದು ನೀನು ಗದರಿದೆ. ಹಿಂದೆ ದೋಣಿಯ ಎಂಜಿನ್ ಸದ್ದು. ಆಮೇಲೆ ನಿನ್ನ ದನಿ ಇಳಿಯಿತು. "ಗ್ಲೆನ್?" ಎಂದೆ. ಅಷ್ಟು ಕೇಳಿಸಿಕೊಂಡು ನಾನು ಕಾರಿನ ಬಾಗಿಲು ತೆಗೆದೆ.