ಸರ್ವೋತ್ತಮನ ಪಾಲಿನ ಗಾಳಿ

ಜುಲೈ 12, ಶನಿವಾರ. ಮಣಿಪಾಲ.

ಇವತ್ತು ಐಸಿಯು ಬಾಗಿಲಲ್ಲಿ ಧರಣಿ ಕೂರುತ್ತೇನೆಂದು ಹೆದರಿಸಿದೆ. ಕಾಪುವಿನ ಸರ್ವೋತ್ತಮ, ಚಳವಳಿಯಲ್ಲಿ ನನ್ನ ಜೊತೆ ಲಾಠಿ ತಿಂದವನು, ನ್ಯುಮೋನಿಯಾ ಹೆಚ್ಚಾಗಿ ವೆಂಟಿಲೇಟರಿನಲ್ಲಿದ್ದಾನೆ. ರಕ್ತದಲ್ಲಿ ಆಕ್ಸಿಜನ್ ಮಟ್ಟ ತೊಂಬತ್ತರ ಮೇಲೆ ಏರುತ್ತಿಲ್ಲ. ಬಡವನಿಗೆ ಗಾಳಿಯಲ್ಲೂ ಕಡಿತವಾ, ಇನ್ನೂ ಜೋರಾಗಿ ಬಿಡಿ ಎಂದು ಕೂಗಾಡಿದೆ.

ಡಾಕ್ಟರ್ ಸುಭಾಷಿಣಿ ಸಿಟ್ಟಾಗಲಿಲ್ಲ. ನನ್ನನ್ನು ಒಳಗೆ ಕರೆದು, ಯಂತ್ರ ಕೊಡುವ ಉಸಿರನ್ನು ಒಂದು ಕ್ಷಣ ತಡೆದು ಹಿಡಿದು, ಪರದೆಯ ಮೇಲಿನ ಅಂಕಿ ತೋರಿಸಿದರು. ಇಪ್ಪತ್ತೊಂಬತ್ತು.

"ಇದು ಶ್ವಾಸಕೋಶದ ಒಳಗಿನ ಒತ್ತಡ ಸರ್. ಮೂವತ್ತು ದಾಟಬಾರದು. ನೀವು ಹೇಳಿದಿರಿ ಅಂತ ಇನ್ನೂ ನೂಕಿದರೆ ಒಳಗೇ ಹರಿದುಹೋಗ್ತದೆ. ಅವರಿಗೆ ಈಗ ತೊಂಬತ್ತು ಸಾಕು."

ಕೂಗದೆ ಏನೂ ಸಿಗುವುದಿಲ್ಲ ಎಂದು ಊರೂರಲ್ಲಿ ಭಾಷಣ ಮಾಡಿದವನು ನಾನು. ತಲೆಯಾಡಿಸಿ ಹೊರಗೆ ಬಂದೆ.

ಸರ್ವೋತ್ತಮನ ಹೆಂಡತಿ ಗುಣವತಿ ಬಾಗಿಲಲ್ಲೇ ನಿಂತಿದ್ದರು. "ಎಂತ ಅಣ್ಣಾ, ಜಾಸ್ತಿ ಮಾಡಿಸಿದ್ರಾ?"

"ಇಲ್ಲ. ಇಷ್ಟೇ ಇರಲಿ ಅಂದೆ."

"ನೀವಾ?" ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಸೀರಿಯಸ್ಸೇ ಉಂಟು, ಅಲ್ವಾ?"

ಶ್ವಾಸಕೋಶ ಹರಿಯದಂತೆ ಕಾಯುತ್ತಿದ್ದಾರೆ, ಹಾಗಾಗಿಯೇ ನಿಧಾನ ಎಂದು ಹೇಳಬೇಕಿತ್ತು. ಅಷ್ಟು ಮೆಲ್ಲಗಿನ ಮಾತು ನನ್ನ ಬಾಯಿಗೆ ಬರಲಿಲ್ಲ. ನಾಳೆ ಬೆಳಿಗ್ಗೆಯಾದರೂ ಆ ಹೆಂಗಸಿನ ಪಕ್ಕ ಕೂತು ಅದನ್ನು ಮೆಲ್ಲಗೆ ಹೇಳಬೇಕು.